ಅಜ್ಜಿಗೆ ಬೇರೆ ಮನೆ

ಅಜ್ಜಿ ಹೋದ ಹದಿನೇಳನೆಯ ದಿನವೂ ತೊಟ್ಟಿಗೆ ಯಾರೂ ಬರಲಿಲ್ಲ.

ನಮ್ಮೂರಿನಲ್ಲಿ ಇಷ್ಟು ತಡ ಮಾಡುವವರು ಕಡಿಮೆ. ಹತ್ತು, ಹನ್ನೊಂದು, ಬಹಳವೆಂದರೆ ಹದಿಮೂರನೆಯ ದಿನಕ್ಕೆ ಸತ್ತವರು ನಡುಮನೆಯ ಗಾಜಿನ ತೊಟ್ಟಿಯೊಳಗೆ ಏನಾದರೊಂದು ಆಗಿ ಬಂದುಬಿಡುತ್ತಾರೆ. ಬೆಳಿಗ್ಗೆ ಎದ್ದು ದೀಪ ಹಾಕಿದರೆ, ನಿನ್ನೆ ಇಲ್ಲದ ಒಂದು ಮೀನೋ ಸೀಗಡಿಯೋ ಶಂಖದ ಹುಳುವೋ ತನ್ನದೇ ಮನೆ ಅನ್ನುವ ಹಾಗೆ ಅಡ್ಡಾಡುತ್ತಿರುತ್ತದೆ. ಮನೆಯವರು ಬಾಗಿಲಿಗೆ ಹೋಗಿ "ಬಂದ್ರೂ" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿ, ಒಳಗೆ ಬಂದು ಕಾಫಿಗೆ ನೀರಿಡುತ್ತಾರೆ. ನಮ್ಮ ತಾತ ಒಂಬತ್ತನೆಯ ದಿನಕ್ಕೇ ಬಂದಿದ್ದರು, ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಮೀನಾಗಿ. ಬದುಕಿದ್ದಾಗಲೂ ಅವರು ಎಲ್ಲಿಗೂ ತಡವಾಗಿ ಹೋದವರಲ್ಲ. ಮದುವೆ ಮನೆಗಳಿಗೆ ಚಪ್ಪರ ಹಾಕುವವರಿಗಿಂತ ಮೊದಲೇ ಹೋಗಿ ಕೂತಿರುತ್ತಿದ್ದರು. ಕಂಡಕಂಡ ಮಕ್ಕಳ ಗಲ್ಲ ಹಿಡಿದು "ಹಲ್ಲುಜ್ಜಿದ್ಯಾ, ಆ ಮಾಡು" ಎನ್ನುತ್ತಿದ್ದ ದೊಡ್ಡತ್ತೆ, ಮೀನುಗಳ ಬಾಯೊಳಗೇ ಹೊಕ್ಕು ಹಲ್ಲು ತಿಕ್ಕುವ ಕೆಂಪು ಸೀಗಡಿಯಾಗಿ ಬಂದಳು. ಹಿಂದಿನ ಮೂಲೆಯ ಕಲ್ಲಿನ ಮೇಲೆ ಕವಲೊಡೆದು ನಿಂತ ನೇರಳೆ ಹವಳ ನಮ್ಮ ಮನೆತನದ ಮೂಲಪುರುಷ, ಏಳು ತಲೆ ಹಿಂದಿನ ಹಿರಿಯಜ್ಜ. ಅವರು ಏನೂ ಮಾಡುವುದಿಲ್ಲ. ದೀಪ ಹಾಕಿದರೆ ಅರಳುತ್ತಾರೆ, ಆರಿಸಿದರೆ ಮುದುಡುತ್ತಾರೆ. ಮನೆಯ ಹಿರಿಯರಿಂದ ಇದಕ್ಕಿಂತ ಹೆಚ್ಚು ಯಾರೂ ನಿರೀಕ್ಷಿಸುವುದಿಲ್ಲ.

ಸಮುದ್ರ ನಮ್ಮೂರಿಂದ ಎಷ್ಟು ದೂರ ಎಂಬುದು ಯಾರಿಗೂ ಗೊತ್ತಿಲ್ಲ, ಹೋಗಿ ನೋಡಿ ಬಂದವರಿಲ್ಲ. ಊರ ಮುಂದೆ ಎರಡು ಬಾವಿಗಳಿವೆ. ಒಂದರ ನೀರು ಸಿಹಿ, ಇನ್ನೊಂದರದು ಉಪ್ಪು. ಸಿಹಿನೀರು ಇರುವವರಿಗೆ, ಉಪ್ಪುನೀರು ಹೋದವರಿಗೆ. ಇಷ್ಟೇ ಲೆಕ್ಕ.

ನನ್ನ ಅಜ್ಜಿಯ ಹೆಸರು ಸಿಂಗಾರಮ್ಮ. ಕಥೆ ಹೇಳುವುದು, ಹೆಣೆಯುವುದು, ಈ ಎರಡು ಬಿಟ್ಟು ಅವಳು ಮೂರನೆಯ ಕೆಲಸ ಮಾಡಿದ್ದನ್ನು ನಾನು ನೋಡಿಲ್ಲ. ಅಮ್ಮನೂ ನೋಡಿಲ್ಲ, ನೋಡಿಲ್ಲವೆಂದು ದಿನಕ್ಕೆರಡು ಬಾರಿ ಪಾತ್ರೆಗಳಿಗೆ ಹೇಳುತ್ತಿದ್ದಳು. ಬಾಯಲ್ಲಿ ಕಥೆ ಶುರುವಾಯಿತೆಂದರೆ ಅಜ್ಜಿಯ ಬೆರಳುಗಳಿಗೆ ಏನಾದರೂ ಬೇಕು. ನನ್ನ ಕೂದಲು ಸಿಕ್ಕರೆ ನನ್ನ ಕೂದಲು, ಇಲ್ಲದಿದ್ದರೆ ಶಾಲಿನ ಅಂಚು, ನೆಲ ಒರೆಸುವ ಬಟ್ಟೆಯ ದಾರ, ಬಾಗಿಲಲ್ಲಿ ನಿಂತ ಹಸುವಿನ ಬಾಲ. ಮೂರೆಳೆ ತೆಗೆದು ಬಿಗಿಯಾಗಿ ಹೆಣೆದು ತುದಿಗೆ ಎಡಗಡೆ ತಿರುವಿ ಒಂದು ಗಂಟು. ಆ ಗಂಟು ಊರಲ್ಲಿ ಬೇರೆ ಯಾರಿಗೂ ಬರುತ್ತಿರಲಿಲ್ಲ. ಹೆಣೆದದ್ದು ಮನಸ್ಸಿಗೆ ಬರದಿದ್ದರೆ ಸರ್ರನೆ ಬಿಚ್ಚಿ, "ಇಲ್ಲ, ಮತ್ತೆ ಮೊದಲಿಂದ" ಅನ್ನುತ್ತಿದ್ದಳು. ಕಥೆಗೂ ಅದೇ ನ್ಯಾಯ.

ಇನ್ನೊಂದು ಮಾತು. ಅಜ್ಜಿಯ ಕಥೆಗಳಲ್ಲಿ ಯಾರನ್ನೂ ಕೊಲ್ಲುತ್ತಿರಲಿಲ್ಲ. ಇಡೀ ಊರಿನ ಅನ್ನವನ್ನೆಲ್ಲ ಉಂಡುಬಿಡುವ ರಕ್ಕಸಿ ಬಂದರೆ, ರಾಜ ಕತ್ತಿ ಹಿರಿಯುವ ಬದಲು ಅವಳಿಗೆ ಊರಾಚೆ ಒಂದು ಅಡುಗೆಮನೆ ಕಟ್ಟಿಸಿಕೊಡುತ್ತಿದ್ದ. "ಪಾಪ, ಅವಳಿಗೂ ಹಸಿವಲ್ವೇನೇ" ಎಂದು ಅಜ್ಜಿ ರಾಜನ ಪರವಾಗಿ ಹೇಳುತ್ತಿದ್ದಳು.

ಅವಳು ಸತ್ತದ್ದೂ ಕಥೆಯ ನಡುವೆಯೇ. ಮಧ್ಯಾಹ್ನ ನನ್ನ ತಲೆ ಬಾಚುತ್ತ ಹೇಳುತ್ತಿದ್ದಳು. ರಾಜನ ಮೂರನೆಯ ಮಗಳು ಬಾವಿಗೆ ಬಿದ್ದ ಬೆಳ್ಳಿ ಚೊಂಬು ತರಲು ಹಗ್ಗ ಹಿಡಿದು ಇಳಿದಳು. ಇಳಿದಳು, ಇಳಿದಳು, ಇನ್ನೂ ಇಳಿದಳು. ಕೆಳಗೆ ಕಾಲಿಟ್ಟು ನೋಡಿದರೆ... "ಇರು, ಒಂದೆಲೆ ಹಾಕ್ಕೋತೀನಿ" ಎಂದಳು ಅಜ್ಜಿ. ನಾನು ಇದ್ದೆ. ಬಹಳ ಹೊತ್ತು ಇದ್ದೆ. ತಿರುಗಿ ನೋಡಿದರೆ ಕೈಯಲ್ಲಿ ಸುಣ್ಣ ಸವರಿದ ಎಲೆ ಹಾಗೇ ಇತ್ತು. ನನ್ನ ಜಡೆ ಅರ್ಧ, ಕಥೆ ಅರ್ಧ. ಎಲ್ಲರೂ ಎಂಥ ಸುಖದ ಸಾವು ಎಂದರು. ನನಗೆ ಮಾತ್ರ ಭಾರೀ ಸಿಟ್ಟು ಬಂದಿತ್ತು, ಈಗಲೂ ಪೂರ್ತಿ ಇಳಿದಿಲ್ಲ. ಹಾಗಾಗಿ ಅವಳು ಯಾವಾಗ ಬರುತ್ತಾಳೋ ಎಂದು ನನ್ನಷ್ಟು ಕಾದವರು ಮನೆಯಲ್ಲಿ ಇನ್ನೊಬ್ಬರಿರಲಿಲ್ಲ. ಬಂದರೆ ಮಾತಾಡುವುದಿಲ್ಲ ಎಂದು ಗೊತ್ತು, ಮೀನುಗಳು ಮಾತಾಡುವುದಿಲ್ಲ. ಆದರೂ ಎದುರಿಗೆ ಕೂತು ಕೇಳುವುದಕ್ಕೆ ಒಂದು ಮುಖವಾದರೂ ಬೇಕಲ್ಲ.

ನಮ್ಮಲ್ಲಿ ದುಃಖ ಕೇಳಲು ಬಂದವರು ಸುಮ್ಮನೆ ಹೋಗುವಂತಿಲ್ಲ, ತೊಟ್ಟಿಗೆ ಒಂದು ಚಿಟಿಕೆ ಹಾಕಬೇಕು. ಒಣಸೀಗಡಿ ಪುಡಿ, ಮೀನಿನ ಪುಡಿ, ಏನೂ ಇಲ್ಲದಿದ್ದರೆ ಅಕ್ಕಿಹಿಟ್ಟು. ಬೇರೆ ಸಾವುಗಳಲ್ಲಿ ಇಪ್ಪತ್ತು ಮೂವತ್ತು ಚಿಟಿಕೆ ಬಿದ್ದು ಮುಗಿಯುತ್ತದೆ. ಆದರೆ ಅಜ್ಜಿಯ ಕಥೆ ಕೇಳದೆ ಬೆಳೆದವರು ನಮ್ಮೂರಲ್ಲಿ ಇರಲಿಲ್ಲ. ಎಲ್ಲರೂ ಬಂದರು, ಎಲ್ಲರೂ ಹಾಕಿದರು. ಅಜ್ಜಿ ಬರುವುದು ತಡವಾದದ್ದರಿಂದ "ಬಂದ್ರಾ?" ಎಂದು ಕೇಳಲು ಮತ್ತೆ ಬಂದರು, ಮತ್ತೆ ಹಾಕಿದರು. ಬೇಡ ಎನ್ನುವುದು ಹೇಗೆ? ಒಬ್ಬಾಕೆ ಕೋಡುಬಳೆ ಪುಡಿ ಮಾಡಿ ತಂದಿದ್ದಳು. "ಸಿಂಗಾರಮ್ಮನೋರಿಗೆ ಕೋಡುಬಳೆ ಅಂದ್ರೆ ಪ್ರಾಣ ಅಲ್ವಾ, ವಾಸನೆ ಹಿಡಿದಾದ್ರೂ ಬರ್ಲಿ" ಎಂದು ಇಡೀ ಮುಷ್ಟಿ ಸುರಿದಳು. ತಾತ ಹತ್ತು ದಿನದಲ್ಲಿ ಎಷ್ಟು ದಪ್ಪಗಾದರೆಂದರೆ ತಮ್ಮ ಕಲ್ಲಿನ ಗವಿಯೊಳಗೆ ಹಿಂದುಹಿಂದಾಗಿ ಹೋಗಬೇಕಾಯಿತು.

ಹನ್ನೆರಡನೆಯ ದಿನ ಮರಳಿನ ಮೇಲೆ ಕಂದು ಬಣ್ಣದ ಧೂಳು ಕೂತಿತ್ತು. ಹದಿನಾಲ್ಕಕ್ಕೆ ಅದು ಹಸಿರಾಯಿತು. ಹದಿನೇಳರ ಹೊತ್ತಿಗೆ ಕಲ್ಲು, ಗಾಜು, ಪಂಪಿನ ಮೂತಿ ಎಲ್ಲದರ ಮೇಲೂ ಎಳೆಎಳೆ ಪಾಚಿ ಬೆಳೆದು, ಪಂಪು ಊದಿದಂತೆಲ್ಲ ಬಳುಕತೊಡಗಿತು.

"ನಿಮ್ಮಜ್ಜಿ ಬರೋ ಹೊತ್ತಿಗೆ ಮನೆ ಹಿಂಗಿದ್ರೆ ಅಷ್ಟೇ ಕಥೆ" ಎಂದಳು ಅಮ್ಮ, ಸೆರಗು ಸೊಂಟಕ್ಕೆ ಸಿಕ್ಕಿಸುತ್ತ. "ನಾನು ಗುಡಿಸಿದ್ದು ಸರಿಯಿಲ್ಲ ಅಂತ ಇಪ್ಪತ್ತೆಂಟು ವರ್ಷ ಅಂದಿದ್ದು ಸಾಲದು ಅಂತ, ನೀರೊಳಗಿಂದಾನೂ ಅಂತಾರೆ."

ಹಳೇ ಟೂತ್‌ಬ್ರಷ್ ತೆಗೆದುಕೊಂಡು ತೋಳನ್ನು ಬಗಲಿನವರೆಗೆ ಮುಳುಗಿಸಿ ಉಜ್ಜಿದಳು. ಕಡ್ಡಿಗೆ ಶ್ಯಾವಿಗೆಯ ಹಾಗೆ ಸುತ್ತಿ ಸುತ್ತಿ ಎಳೆದಳು. ಪೈಪಿನ ಒಂದು ತುದಿ ಬಾಯಲ್ಲಿ ಹೀರಿ ಮರಳ ಮೇಲಿನ ಕೊಳೆಯನ್ನು ಬಕೆಟ್ಟಿಗೆ ಇಳಿಸಿದಳು. ಕಿತ್ತ ಪಾಚಿಯ ಉಪ್ಪು ತೊಳೆದು ಹಿತ್ತಲಿನ ಬಸಳೆ ಬಳ್ಳಿಯ ಬುಡಕ್ಕೆ ಹಾಕಿದಳು. ಅಮ್ಮನಿಗೆ ಯಾವುದನ್ನೂ ದಂಡ ಮಾಡಿ ಗೊತ್ತಿಲ್ಲ. ಎರಡು ದಿನಕ್ಕೆ ಪಾಚಿ ಮೊದಲಿಗಿಂತ ಒಂದು ಬೆರಳು ಉದ್ದವಾಗಿ ಬಂತು. ಅಮ್ಮ ಮತ್ತೆ ಉಜ್ಜಿದಳು. ಅದು ಮತ್ತೆ ಬಂತು. ಹೀಗೆ ಅವರಿಬ್ಬರ ನಡುವೆ ಒಂದು ವಾರ ನಡೆಯಿತು. ಅಷ್ಟರಲ್ಲಿ ಹಿರಿಯಜ್ಜನ ನೇರಳೆ ತುದಿಗಳು ಪಾಚಿಯ ಕೆಳಗೆ ಬೆಳ್ಳಗಾಗಲು ಶುರುವಾದವು.

ಆಗ ಚಿಕ್ಕೀರಯ್ಯನಿಗೆ ಹೇಳಿಕಳಿಸಿದೆವು. ಊರಿನ ತೊಟ್ಟಿಗಳನ್ನೆಲ್ಲ ನೋಡಿಕೊಳ್ಳುವವನು ಅವನು. ಬಂದವನೇ ನೀರಿನಲ್ಲಿ ಬೆರಳದ್ದಿ ನಾಲಿಗೆಗೆ ಇಟ್ಟು, ಕಿಟಕಿಯಾಚೆ ಉಗಿದು, ನಮ್ಮ ಮೂವರನ್ನೂ ಒಂದು ಸುತ್ತು ನೋಡಿದ.

"ಪಾಚಿ ಅನ್ನೋದು ರೋಗ ಅಲ್ಲ, ವನಮಾಲಮ್ಮ. ಊಟ ಜಾಸ್ತಿಯಾಯ್ತು ಅಂತ ನೀರು ಬರೆಯೋ ಕಾಗದ. ಎಷ್ಟು ಚಿಟಿಕೆ ಬಿದ್ದಿದಾವೆ ಇದ್ರೊಳಗೆ?"

"ಯಾರು ಎಣಿಸಿದ್ರು, ಚಿಕ್ಕೀರಯ್ಯನೋರೇ. ಇಡೀ ಊರೇ ಬಂದಿತ್ತು" ಎಂದಳು ಅಮ್ಮ.

"ಮೀನು ತಿಂದಿದ್ದು ಅರ್ಧ. ಮಿಕ್ಕರ್ಧ ಇದು ತಿಂತು. ಇನ್ನು ಉಜ್ಜಿ ಏನು ಮಾಡ್ತೀರಿ, ತಟ್ಟೆ ಮುಂದಿಟ್ಕೊಂಡು ಕೂತಿರೋರನ್ನ ಎಬ್ಬಿಸಿದಂಗೆ." ತೊಟ್ಟಿಯಂಚಿನ ಗುರುತು ನೋಡಿದ. "ಆವಿಯಾಗಿ ಹೋದಷ್ಟಕ್ಕೆ ಯಾವ ನೀರು ಹಾಕ್ತಿದೀರಿ?"

"ಸಿಹಿನೀರೇ" ಎಂದರು ಅಪ್ಪ ಹೆಮ್ಮೆಯಿಂದ. ಉಪ್ಪು ಆವಿಯಾಗುವುದಿಲ್ಲ, ಅದಕ್ಕೆ ಹೋದ ನೀರಿಗೆ ಸಿಹಿನೀರೇ ಹಾಕಬೇಕೆಂಬುದು ಅವರಿಗೆ ಗೊತ್ತಿರುವ ಒಂದೇ ತೊಟ್ಟಿಶಾಸ್ತ್ರ.

"ಆ ಬಾವಿ ಪಕ್ಕ ಊರ ದನವೆಲ್ಲ ನಿಲ್ತಾವಲ್ಲ, ಅವುಗಳ ಸಗಣಿ ಗಂಜಲ ಎಲ್ಲ ಇಳಿಯೋದೆಲ್ಲಿಗೆ ಅಂದ್ಕೊಂಡ್ರಿ? ಇವತ್ತಿಂದ ಮಳೆನೀರು ಹಿಡಿದಿಟ್ಟಿದ್ದು ಮಾತ್ರ. ದಿನಕ್ಕೆ ಒಂದೇ ಚಿಟಿಕೆ. ಮೂರು ದಿನ ತೊಟ್ಟಿಗೆ ಕಂಬಳಿ ಹೊದಿಸಿ ಕತ್ತಲೆ ಮಾಡಿ."

"ಒಂದೇ ಚಿಟಿಕೆನಾ? ನಮ್ಮಪ್ಪನ್ನ ಉಪವಾಸ ಕೆಡವ್ಲಾ?" ಎಂದರು ಅಪ್ಪ.

"ನಿಮ್ಮಪ್ಪನ್ನ ಪಕ್ಕದಿಂದ ನೋಡಿ ಒಂದು ಸಲ. ಕುಂಬಳಕಾಯಿ ಆಗೋಗಿದಾರೆ."

ಆಮೇಲೆ ಅವನು ದನಿ ತಗ್ಗಿಸಿ ಹಿರಿಯಜ್ಜನ ಕಡೆ ಬೆರಳು ಮಾಡಿದ. ಅವನು ಹೇಳುವ ಅಗತ್ಯವಿರಲಿಲ್ಲ, ನಮಗೆಲ್ಲ ಗೊತ್ತಿತ್ತು. ತೊಟ್ಟಿಯೊಳಗೆ ಸತ್ತವರು ಮತ್ತೆ ಬರುವುದಿಲ್ಲ. ಮೂಲದ ಹವಳವೇ ಸತ್ತರೆ ಆ ತೊಟ್ಟಿಯನ್ನು ಉಪ್ಪುಬಾವಿಗೆ ಸುರಿಯಬೇಕು, ಆಮೇಲೆ ಆ ಮನೆಗೆ ಹೋದವರು ಯಾರೂ ತಿರುಗಿ ಬರುವುದಿಲ್ಲ. ಬೀದಿಯ ಕೊನೆಯಲ್ಲಿ ಅಂಥದೊಂದು ಮನೆಯಿದೆ. ನಡುಮನೆಯಲ್ಲಿ ತೊಟ್ಟಿ ಇದ್ದ ಜಾಗದಲ್ಲಿ ಅವರು ಸೋಫಾ ಹಾಕಿಕೊಂಡಿದ್ದಾರೆ, ಯಾರೂ ಕೂರುವುದಿಲ್ಲ.

"ಎರಡು ಅಮಾವಾಸ್ಯೆ ಟೈಮು" ಎಂದ ಚಿಕ್ಕೀರಯ್ಯ. "ಅಷ್ಟರೊಳಗೆ ಹವಳ ಅರಳಿದ್ರೆ ಉಳೀತು. ಪಾಚಿ ತಿನ್ನೋರು ಯಾರನ್ನಾದ್ರೂ ಒಂದಿಷ್ಟು ದಿನ ಕರ್ಕೊಂಬನ್ನಿ."

ಮೂರು ದಿನ ಕಂಬಳಿ ಹೊದಿಸಿದೆವು. ತೆಗೆದಾಗ ಪಾಚಿ ನಿದ್ದೆಗಣ್ಣಿನಲ್ಲಿದ್ದವರ ಹಾಗೆ ಪೇಲವವಾಗಿತ್ತು. ಅಮ್ಮ ಗೆದ್ದೆ ಎಂದುಕೊಂಡಳು. ಐದನೆಯ ದಿನಕ್ಕೆ ಅದು ಎದ್ದು ಕೂತಿತು.

ಇನ್ನು ಉಳಿದದ್ದು ತಿನ್ನುವವರು. ಪಾಚಿ ತಿನ್ನುವವರು ಅಂದರೆ ನಮ್ಮ ಬೀದಿಯಲ್ಲಿ ಒಬ್ಬರೇ, ಪಕ್ಕದ ಮನೆಯ ಮುದ್ದುರಂಗಪ್ಪನವರು. ಸತ್ತ ಮೇಲೆ ಮೈತುಂಬ ಕರೀ ಮುಳ್ಳಿನ, ಉಂಡೆಯಂಥ ಕಡಲಜೀವಿಯಾಗಿ ಬಂದಿದ್ದರು. ಆಶ್ಚರ್ಯಪಟ್ಟವರು ಯಾರೂ ಇರಲಿಲ್ಲ. ಬದುಕಿದ್ದಾಗ ನಮ್ಮ ಅಜ್ಜಿಯ ಪ್ರತಿ ಕಥೆಗೂ ಕಾಂಪೌಂಡಿನಾಚೆಯಿಂದ ಅಡ್ಡಬಾಯಿ ಹಾಕುತ್ತಿದ್ದವರು ಅವರೇ. ಅಜ್ಜಿ "ಏಳು ಬೆಟ್ಟ ದಾಟಿದ" ಎಂದರೆ, "ಬೆಟ್ಟ ಇಳಿಯೋಕೆ ಎಷ್ಟು ದಿನ ಬೇಕಾಯ್ತು ಹಂಗಾದ್ರೆ?" ಎನ್ನುತ್ತಿದ್ದರು. ಅಜ್ಜಿ "ಹಕ್ಕಿ ಮಾತಾಡಿತು" ಎಂದರೆ, "ಯಾವ ಭಾಷೇಲಿ?" ನಲವತ್ತು ವರ್ಷ ಹೀಗೆಯೇ. ಕೊನೆಕೊನೆಗೆ ಅವರ ಹಲ್ಲೆಲ್ಲ ಉದುರಿತ್ತು, ಪ್ರಶ್ನೆ ಉದುರಿರಲಿಲ್ಲ. ಈಗ ಆ ಉಂಡೆಯ ಹೊಟ್ಟೆಯಡಿ ಹೊಸದಾಗಿ ಐದು ಹಲ್ಲುಗಳಿವೆ, ಕಲ್ಲನ್ನೂ ಕೆರೆಯುವಂಥವು.

ಅವರ ಸೊಸೆ ಕೆಂಪಾಚಕ್ಕ ಅವರನ್ನು ಸ್ಟೀಲ್ ಬಕೆಟ್ಟಿನಲ್ಲಿ ಕೂರಿಸಿಕೊಂಡು, ಮೇಲೆ ಒದ್ದೆ ಟವಲು ಮುಚ್ಚಿ ತಂದಳು. "ಮಾವಯ್ಯ, ನೋಡ್ಕಂಡು ತಿನ್ನಿ, ಬೇರೆಯೋರ ಮನೆ" ಎಂದು ಬುದ್ಧಿ ಹೇಳಿ ನೀರಿಗೆ ಬಿಟ್ಟಳು. ಮುದ್ದುರಂಗಪ್ಪನವರು ಗಾಜಿನ ಬುಡದಿಂದ ಶುರುಮಾಡಿದರು. ಅವರು ಹೋದ ದಾರಿಯುದ್ದಕ್ಕೂ ಗೋಡೆಗೆ ಸುಣ್ಣ ಬಳಿದ ಹಾಗೆ ಬೆಳ್ಳಗೆ ಚೊಕ್ಕಟವಾದ ಪಟ್ಟೆ ಬಿತ್ತು. ಅಮ್ಮ ಕುರ್ಚಿ ಎಳೆದುಕೊಂಡು ಕೂತು, ಬೇರೆಯವರು ಕೆಲಸ ಮಾಡುವುದನ್ನು ತನ್ನ ಮನೆಯಲ್ಲಿ ಮೊದಲ ಬಾರಿಗೆ ನೋಡಿದಳು.

ಮಾರನೆಯ ಬೆಳಿಗ್ಗೆ ನಾನು ತಲೆ ಬಾಚಿಕೊಳ್ಳುತ್ತ ತೊಟ್ಟಿಯ ಮುಂದೆ ನಿಂತಿದ್ದೆ. ಅಜ್ಜಿ ಕೂರುತ್ತಿದ್ದ ಮಣೆಗೆ ಹತ್ತಿರವಾದ ಎಡಮೂಲೆಯ ಕಲ್ಲಿನಲ್ಲಿ ಪಾಚಿ ಎಲ್ಲಕ್ಕಿಂತ ಉದ್ದವಾಗಿ ಬೆಳೆದಿತ್ತು. ಮುದ್ದುರಂಗಪ್ಪನವರು ಅದರಿಂದ ಒಂದು ಗೇಣು ದೂರದಲ್ಲಿ ಕರಕರ ಎಂದು ಬರುತ್ತಿದ್ದರು. ಅಲ್ಲಿನ ಎಳೆಗಳು ಉಳಿದವುಗಳಂತೆ ಬಳುಕುತ್ತಿಲ್ಲ, ಒಂದೇ ಹಗ್ಗದಂತೆ ನೇರ ಇಳಿಬಿದ್ದಿವೆ. ಗಾಜಿಗೆ ಮೂಗು ಒತ್ತಿ ನೋಡಿದೆ. ಮೂರೆಳೆ. ಒಂದರ ಮೇಲೊಂದು, ಬಿಗಿಯಾಗಿ, ಒಂದು ಕೂದಲು ಹೊರಗಿಲ್ಲದ ಹಾಗೆ. ತುದಿಗೆ ಎಡಗಡೆ ತಿರುವಿದ ಗಂಟು.

ಕೈಲಿದ್ದ ಬಾಚಣಿಗೆಯೊಂದಿಗೇ ತೋಳನ್ನು ತೊಟ್ಟಿಯೊಳಗೆ ಇಳಿಸಿ ಮುದ್ದುರಂಗಪ್ಪನವರನ್ನು ಕಿತ್ತು ಈಚೆಗೆ ತೆಗೆದೆ. ಮೂರು ಮುಳ್ಳು ಚುಚ್ಚಿದವು. ನಾನು ಕಿರುಚಿದ್ದಕ್ಕೆ ಅಮ್ಮ, ಅಪ್ಪ, ಕಾಂಪೌಂಡಿನಾಚೆಯಿಂದ ಕೆಂಪಾಚಕ್ಕ ಎಲ್ಲ ಓಡಿಬಂದರು.

"ಏನೇ ಮಾಡ್ತಿದೀಯ ನಮ್ಮ ಮಾವಯ್ಯಂಗೆ!"

"ನಿಮ್ಮ ಮಾವಯ್ಯ ನಮ್ಮಜ್ಜಿನ ತಿಂತಿದಾರೆ!"

ಕೆಂಪಾಚಕ್ಕ ಮಾವನನ್ನು ಉಪ್ಪುನೀರಿನ ಬಕೆಟ್ಟಿಗೆ ಹಾಕಿಕೊಂಡ ಮೇಲೆ, ಎಲ್ಲರೂ ಗಾಜಿನ ಹತ್ತಿರ ಬಂದು ಒಬ್ಬೊಬ್ಬರಾಗಿ ಬಗ್ಗಿ ನೋಡಿದರು. ಅಪ್ಪನಿಗೆ ಗಂಟಿನ ಗುರುತು ಹತ್ತಿತು. ಅವರ ಶಾಲೆಯ ಚೀಲದ ದಾರಕ್ಕೂ ಅದೇ ಗಂಟು ಇರುತ್ತಿತ್ತಂತೆ. ಅವರು ಮೆಲ್ಲಗೆ "ಅವ್ವಾ" ಎಂದರು. ತೊಟ್ಟಿಯ ಪಾಚಿಯೆಲ್ಲ ಒಟ್ಟಿಗೆ ಒಂದು ಸಲ ಅಲುಗಿತು. ಪಂಪಿನದೂ ಇರಬಹುದು.

ಮೊದಲು ಬಾಯಿ ಬಿಟ್ಟವಳು ಅಮ್ಮ. "ಹಂಗಾದ್ರೆ ಇಷ್ಟು ದಿನ ನಾನು ಟೂತ್‌ಬ್ರಷ್ಷಲ್ಲಿ ಉಜ್ಜಿದ್ದು..."

ಅವಳ ಕಣ್ಣು ಪಾಚಿ ಎಳೆದ ಕಡ್ಡಿಯ ಮೇಲೆ ಬಿತ್ತು.

"ಕಡ್ಡಿಗೆ ಸುತ್ತಿ ಎಳೆದಿದ್ದು..."

"ವನೂ, ಬಿಡು" ಎಂದರು ಅಪ್ಪ.

"ಬಸಳೆ ಬುಡಕ್ಕೆ ಹಾಕಿದ್ದು! ಅಯ್ಯೋ, ಮೊನ್ನೆ ಹುಳಿ ಮಾಡಿದ್ನಲ್ಲ, ಎರಡೆರಡು ಸಲ ಬಡಿಸಿಕೊಂಡ್ರಿ!" ಅಮ್ಮ ಹಣೆ ಚಚ್ಚಿಕೊಂಡಳು. ಆಮೇಲೆ ಅಪ್ಪನ ಕಡೆ ತಿರುಗಿ, "ಅದಕ್ಕೇ ನೀವು ಈಚೆಗೆ ಮಾತಾಡೋದು ಜಾಸ್ತಿಯಾಗಿರೋದು" ಎಂದಳು.

ಚಿಕ್ಕೀರಯ್ಯ ಬಂದು ಭೂತಗನ್ನಡಿ ಹಿಡಿದು ಜಡೆ ನೋಡಿದ. "ನಲವತ್ತು ವರ್ಷದಲ್ಲಿ ಮೀನಾಗಿ ಬಂದೋರ್ನ ನೋಡಿದೀನಿ, ಏಡಿಯಾಗಿ ಬಂದೋರ್ನ ನೋಡಿದೀನಿ. ಪಾಚಿಯಾಗಿ ಬಂದೋರು ಇವರೇ ಮೊದಲು."

"ಬಂದಿರ್ತಾರೆ" ಎಂದಳು ಅಮ್ಮ. "ಎಲ್ರೂ ಉಜ್ಜಿ ಬಿಸಾಕಿರ್ತೀವಿ."

ಚಿಕ್ಕೀರಯ್ಯ ಟೋಪಿ ತೆಗೆದು ಮತ್ತೆ ಹಾಕಿಕೊಂಡ. ಎಷ್ಟು ಮನೆಗಳಲ್ಲಿ ಎಷ್ಟು ಉಜ್ಜಿಸಿದ್ದೆ ಎಂದು ಅವನು ಲೆಕ್ಕ ಹಾಕುತ್ತಿದ್ದನೋ ಏನೋ. ಆದರೂ ವೈದ್ಯ ವೈದ್ಯನೇ. "ನೋಡಿ, ಇವರು ಯಾರಾದ್ರೂ ಆಗ್ಲಿ. ಹವಳಕ್ಕೆ ಉಸಿರು ಕಟ್ತಿದೆ. ಇವರು ಹಿಂಗೇ ಹಬ್ಬಿದ್ರೆ ಹಿರಿಯಜ್ಜ ಹೋಗ್ತಾರೆ, ಅವರು ಹೋದ್ರೆ ತೊಟ್ಟಿ ಹೋಗ್ತದೆ, ತೊಟ್ಟಿ ಹೋದ್ರೆ ಇವರೂ ಹೋದ್ರು. ಮುದ್ದುರಂಗಪ್ಪನೋರ್ನ ಮತ್ತೆ ಬಿಡ್ಲೇಬೇಕು. ಇನ್ನಿರೋದು ಒಂದೂವರೆ ಅಮಾವಾಸ್ಯೆ."

ಅಪ್ಪ ಅಜ್ಜಿಯ ಮಣೆಯ ಮೇಲೆ ಕೂತುಬಿಟ್ಟರು. ಒಂದು ಕಡೆ ಅವರ ತಾಯಿ, ಇನ್ನೊಂದು ಕಡೆ ಏಳು ತಲೆಮಾರು. ತಾತ ಮಾತ್ರ ಗವಿಯಿಂದ ತಲೆ ಹೊರಗೆ ಹಾಕಿ ಇನ್ನೊಂದು ಚಿಟಿಕೆಗೆ ಕಾಯುತ್ತಿದ್ದರು.

ನನಗೆ ಆಗ ರಕ್ಕಸಿ ನೆನಪಾದಳು. "ಅಜ್ಜಿಗೆ ಬೇರೆ ಮನೆ ಮಾಡೋಣ" ಎಂದೆ.

"ಏನು ಮನೆ?" ಎಂದರು ಅಪ್ಪ.

"ಪಕ್ಕದಲ್ಲೇ ಇನ್ನೊಂದು ಸಣ್ಣ ತೊಟ್ಟಿ. ಈ ತೊಟ್ಟಿ ನೀರು ಪೈಪಲ್ಲಿ ಅಲ್ಲಿಗೆ ಹೋಗ್ಲಿ, ಅಲ್ಲಿಂದ ವಾಪಸ್ಸು ಇಲ್ಲಿಗೆ ಬರ್ಲಿ. ಅಲ್ಲಿ ಜೋರು ದೀಪ ಹಾಕೋಣ, ಇಲ್ಲಿ ಕಮ್ಮಿ ಮಾಡೋಣ. ಅಜ್ಜಿಗೆ ಬೇಕಾಗಿರೋದು ಊಟ, ಬೆಳಕು. ಎರಡೂ ಅಲ್ಲೇ ಚೆನ್ನಾಗಿ ಸಿಕ್ಕಿದ್ರೆ ಇಲ್ಲೇನು ಕೆಲಸ? ನೀರಲ್ಲಿರೋ ಜಾಸ್ತಿ ಊಟನೆಲ್ಲ ಅಲ್ಲಿ ಕೂತೇ ತಿಂದುಬಿಡ್ತಾಳೆ."

"ಕಳೆ ಕೀಳೋರ್ನ ನೋಡಿದೀನಿ, ಕಳೆಗೆ ಮನೆ ಕಟ್ಟೋರ್ನ ನೋಡಿಲ್ಲ" ಎಂದ ಚಿಕ್ಕೀರಯ್ಯ. ಆದರೆ ಅವನ ಹುಬ್ಬು ಗಂಟಾಗಿತ್ತು. ತಾನು ಹೇಳಬೇಕಾಗಿದ್ದ ಮಾತನ್ನು ಬೇರೆಯವರು ಹೇಳಿದಾಗ ಆಗುವ ಹಾಗೆ.

ಅಮ್ಮ ಎದ್ದು ನಿಂತಳು. ಅವಳ ಮುಖದಲ್ಲಿ ನಾನು ಹಿಂದೆಂದೂ ಕಾಣದ ಒಂದು ಬೆಳಕಿತ್ತು. "ಮದುವೆಯಾದ ಮೂರನೇ ತಿಂಗಳಿಂದ ಕೇಳ್ತಿದೀನಿ" ಎಂದಳು ಅಪ್ಪನಿಗೆ. "ಬೇರೆ ಮನೆ ಮಾಡೋಣ, ಬೇರೆ ಮನೆ ಮಾಡೋಣ ಅಂತ. ಇಪ್ಪತ್ತೆಂಟು ವರ್ಷ. ಈಗ ನಿಮ್ಮ ಮಗಳು ಕೇಳಿದ್ಲು. ಏನಂತೀರಿ?"

ಅಪ್ಪ ಏನನ್ನುತ್ತಾರೆ? ಎದ್ದು ಅಟ್ಟಕ್ಕೆ ಏಣಿ ಹಾಕಿದರು.

ಅಟ್ಟದ ಮೇಲೆ ಮಿಠಾಯಿ ಅಂಗಡಿಯಿಂದ ಬಂದ ದೊಡ್ಡ ಗಾಜಿನ ಪೆಟ್ಟಿಗೆಯೊಂದಿತ್ತು, ಬೇಸನ್ ಲಾಡು ಜೋಡಿಸಿಡುವಂಥದು. ಅದನ್ನು ತೊಳೆದು ತೊಟ್ಟಿಯ ಎಡಕ್ಕೆ, ಅಜ್ಜಿಯ ಮಣೆಯ ಮೇಲೆಯೇ ಇಟ್ಟೆವು. ಪೈಪು ಜೋಡಿಸಿದ್ದು ಚಿಕ್ಕೀರಯ್ಯ. ಬಯ್ಯುತ್ತಲೇ ಜೋಡಿಸಿದ. ಜಡೆ ಇದ್ದ ಕಲ್ಲನ್ನು ನಾನೇ ಎತ್ತಿ ಅಲ್ಲಿಗೆ ಸಾಗಿಸಿದೆ, ಒಂದು ಎಳೆಯೂ ಹರಿಯದಂತೆ. ಎಲ್ಲಕ್ಕಿಂತ ಅಚ್ಚರಿಯೆಂದರೆ ದೀಪದ ವಿಷಯ. ಅಮ್ಮ ತನ್ನ ಹೊಲಿಗೆ ಮಿಷನ್ನಿನ ಮೇಲಿದ್ದ ಜೋರು ಬಲ್ಬನ್ನು ಬಿಚ್ಚಿ ತಂದು, "ಇದನ್ನ ಹಾಕಿ, ಆ ಬಲ್ಬು ಮಂಕು. ಹೊಸ ಮನೆ ಕತ್ತಲೆ ಅಂತ ಅಂದ್ಕೊಂಡು ವಾಪಸ್ ಬಂದಾರು" ಎಂದಳು. ದೊಡ್ಡ ತೊಟ್ಟಿಯ ದೀಪವನ್ನು ದಿನಕ್ಕೆ ಆರು ತಾಸಿಗೆ ಇಳಿಸಿದೆವು. ಅದು ಆರಿದಾಗ ಅಜ್ಜಿಯದು ಹತ್ತುತ್ತಿತ್ತು.

ಇನ್ನು ಊರಿನ ಚಿಟಿಕೆಗಳನ್ನು ತಡೆಯಬೇಕಿತ್ತು. ಅಮ್ಮ ಬಾಗಿಲಲ್ಲೇ ಒಂದು ಬಟ್ಟಲಿಟ್ಟಳು. "ಅತ್ತೆ ಬಂದಿದಾರೆ, ಊಟ ಮುಗಿಸಿದಾರೆ, ಮಲಗಿದಾರೆ. ಚಿಟಿಕೆ ಇಲ್ಲಿ ಹಾಕಿ" ಎಂದು ಬಂದವರಿಗೆಲ್ಲ ಹೇಳಿದಳು. ಬಟ್ಟಲಿನದನ್ನು ಬೀದಿಯ ಬೆಕ್ಕುಗಳು ತಿಂದವು. ತಾತ ನಾಲ್ಕು ದಿನ ಗಾಜಿಗೆ ಮೂತಿ ಕುಟ್ಟಿ ಪ್ರತಿಭಟಿಸಿ, ಐದನೆಯ ದಿನ ಮುಂದುಮುಂದಾಗಿಯೇ ಗವಿಯೊಳಗೆ ಹೋದರು.

ಮೊದಲ ಅಮಾವಾಸ್ಯೆಗೆ ಏನೂ ಆಗಲಿಲ್ಲ. ಅಜ್ಜಿ ಎರಡೂ ಮನೆಯಲ್ಲಿ ಬೆಳೆದಳು. ಚಿಕ್ಕೀರಯ್ಯ ಬಂದು ಬೆಳ್ಳಗಾದ ತುದಿಗಳನ್ನು ಎಣಿಸಿ ಹೊರಟುಹೋದ. ಅವನು ಬಯ್ಯದೆ ಹೋದದ್ದು ಅದೇ ಮೊದಲು. ನಮಗೆ ಜೀವವೇ ಹೋದ ಹಾಗಾಯಿತು. ಮಾವನನ್ನು ಮತ್ತೆ ತಂದು ಬಿಡಬೇಕಾದೀತೆಂದು ಕೆಂಪಾಚಕ್ಕ ಕಾಂಪೌಂಡಿನ ಮೇಲೆ ಬಕೆಟ್ಟನ್ನು ಸಿದ್ಧವಾಗಿಟ್ಟಿದ್ದಳು. ನಾನು ಪೆಟ್ಟಿಗೆಯ ಮುಂದೆ ಕೂತು ಬಾಯಿಬಿಟ್ಟು ಬೇಡಿಕೊಂಡೆ. "ಅಜ್ಜೀ, ಈ ಕಡೆ ಬಾ. ಆ ಕಡೆ ಬಿಟ್ಟುಬಿಡು. ಬದುಕಿದ್ದಾಗ ಎಲ್ಲ ಕಡೆ ಹರಡ್ಕೊಂಡು ಕೂರ್ತಿದ್ದೆ, ಎಲಡಿಕೆ ಡಬ್ಬಿ ಒಂದು ಕಡೆ, ಕನ್ನಡಕ ಒಂದು ಕಡೆ, ನೀನೊಂದು ಕಡೆ. ಈಗ್ಲಾದ್ರೂ ಒಂದು ಕಡೆ ಕೂರೇ."

ಬೇಡಿಕೊಂಡದ್ದಕ್ಕೋ, ಬಲ್ಬಿಗೋ, ಮಳೆನೀರಿಗೋ, ಆ ವಾರದಲ್ಲಿ ಪೆಟ್ಟಿಗೆಯೊಳಗಿನ ಪಾಚಿ ದಟ್ಟವಾಗಿ ಕಡು ಹಸಿರಾಯಿತು. ದೊಡ್ಡ ತೊಟ್ಟಿಯದು ತೆಳುವಾಯಿತು, ಹಳದಿಯಾಯಿತು, ಕಲ್ಲಿನ ಹಿಡಿತ ಬಿಟ್ಟು ಎಳೆಎಳೆಯಾಗಿ ತೇಲಿ ಪೈಪಿನ ಬಾಯಿಗೆ ಹೋಯಿತು. ಎರಡನೆಯ ಅಮಾವಾಸ್ಯೆಗೆ ಎರಡು ದಿನ ಇರುವಾಗ, ದೀಪ ಹಾಕಿ ಐದು ನಿಮಿಷಕ್ಕೆ ಹಿರಿಯಜ್ಜ ತುದಿಯಿಂದ ಬುಡದವರೆಗೆ ನೇರಳೆಯಾಗಿ ಅರಳಿದರು. ಬಿಳಿಯಾದ ಎರಡು ಕವಲು ಹಾಗೇ ಉಳಿದವು. ಆ ವಯಸ್ಸಿಗೆ ಅಷ್ಟು ನರೆ ಇದ್ದದ್ದೇ ಎಂದ ಚಿಕ್ಕೀರಯ್ಯ. ಅಮ್ಮ ಬಾಗಿಲಿಗೆ ಹೋಗಿ, ತಿಂಗಳುಗಳಿಂದ ಬಾಕಿಯಿದ್ದ ಆ ಒಂದು ಮಾತನ್ನು ಬೀದಿಗೆಲ್ಲ ಕೇಳುವಂತೆ ಕೂಗಿದಳು. "ಬಂದ್ರೂ!"

ಚಿಕ್ಕೀರಯ್ಯ ಹೋಗುವಾಗ ನನ್ನ ಕೈಗೆ ಕತ್ತರಿ ಕೊಟ್ಟ. "ವಾರಕ್ಕೊಂದು ಸಲ ಅರ್ಧ ಕತ್ತರಿಸ್ಬೇಕು, ಕೂಸೇ. ಬೆಳೆಯಕ್ಕೆ ಜಾಗ ಇಲ್ದಿದ್ರೆ ಅಲ್ಲೇ ಕೊಳೀತಾರೆ. ತಿಂದಿದ್ದೆಲ್ಲ ವಾಪಸ್ ನೀರಿಗೆ ಬಿಡ್ತಾರೆ. ಮತ್ತೆ ಮೊದಲಿಂದ ಶುರು."

ಹಾಗಾಗಿ ಈಗ ಶುಕ್ರವಾರ ಮಧ್ಯಾಹ್ನಗಳಲ್ಲಿ ನಾನು ಅಜ್ಜಿಯ ಕೂದಲು ಕತ್ತರಿಸುತ್ತೇನೆ. ಜಡೆಯನ್ನು ಮುಟ್ಟುವುದಿಲ್ಲ, ಸುತ್ತಲಿನದಷ್ಟೇ. ಕತ್ತರಿಸಿದ್ದನ್ನು ಬಟ್ಟಲಿನಲ್ಲಿ ಹಾಕಿ ಪಕ್ಕದ ಮನೆಗೆ ಕೊಡುತ್ತೇನೆ, ಮುದ್ದುರಂಗಪ್ಪನವರಿಗೆ. ಅವರ ತೊಟ್ಟಿಯಲ್ಲಿ ಪಾಚಿಯೇ ಇಲ್ಲದೆ ಅವರು ಸೊರಗಿದ್ದರಂತೆ. "ಮಾವಯ್ಯ ಚಪ್ಪರಿಸ್ಕಂಡು ತಿಂತಾರೆ ಕುಮುದಾ, ಒಂದು ಪ್ರಶ್ನೆ ಇಲ್ಲ" ಎನ್ನುತ್ತಾಳೆ ಕೆಂಪಾಚಕ್ಕ. ನಲವತ್ತು ವರ್ಷದ ಜಗಳ ಹೀಗೆ ಮುಗಿಯುತ್ತದೆ ಎಂದು ಯಾರು ಎಣಿಸಿದ್ದರು.

ಕತ್ತರಿಸುತ್ತ ನಾನು ಕಥೆ ಹೇಳುತ್ತೇನೆ, ಬಾವಿಗೆ ಇಳಿದವಳದು. ಅರ್ಧಕ್ಕೆ ಬಿಟ್ಟದ್ದನ್ನು ಮುಗಿಸದೆ ನನಗೂ ನಿದ್ದೆಯಿಲ್ಲ. ಮೊದಲ ವಾರ ಹೇಳಿದೆ: ಕೆಳಗೆ ಕಾಲಿಟ್ಟು ನೋಡಿದರೆ ಹಾವಿನ ರಾಜ ಇದ್ದ, ಅವಳನ್ನು ಮದುವೆಯಾದ. ಮಾರನೆಯ ಬೆಳಿಗ್ಗೆ ನೋಡಿದರೆ ಜಡೆ ಬಿಚ್ಚಿಹೋಗಿತ್ತು. ಸರ್ರನೆ, ಬುಡದವರೆಗೆ. ಅದರ ಅರ್ಥ ನನಗೆ ಗೊತ್ತಿಲ್ಲವೇ? ಇಲ್ಲ, ಮತ್ತೆ ಮೊದಲಿಂದ. ವಾರ ಕಳೆಯುವುದರೊಳಗೆ ಅಜ್ಜಿ ಮತ್ತೆ ಹೆಣೆದುಕೊಂಡಿದ್ದಳು. ನಾನು ಮತ್ತೆ ಹೇಳಿದೆ: ಚೊಂಬು ಹಿಡಿದು ಹತ್ತಿ ಬಂದಳು, ರಾಜ ಅರ್ಧ ರಾಜ್ಯ ಕೊಟ್ಟ. ಬಿಚ್ಚಿತು. ಹಗ್ಗ ಹರಿದು ಬಿದ್ದಳು, ಕಮಲವಾದಳು ಎಂದೆ. ಇದಕ್ಕೆ ಬೆಳಗಾಗುವವರೆಗೂ ಕಾಯಲಿಲ್ಲ, ನಾನು ನೋಡುತ್ತಿದ್ದಂತೆಯೇ ಬಿಚ್ಚಿತು. ಹೀಗೆ ಹತ್ತೊಂಬತ್ತು ವಾರ, ಹತ್ತೊಂಬತ್ತು ಕೊನೆ.

ಕಳೆದ ಶುಕ್ರವಾರ ಇಪ್ಪತ್ತನೆಯದು. ಹುಡುಗಿ ಬಾವಿಯ ತಳದಲ್ಲಿ ನಿಂತಿದ್ದಳು, ಮುಂದೇನು ಎಂದು ನನಗೆ ಹೊಳೆಯುತ್ತಿರಲಿಲ್ಲ. "ಹತ್ತಿ ಬರೋಕೆ ಹಗ್ಗ ಹಿಡಿದಳು..." ಎಂದು ಎಳೆಯುತ್ತಿದ್ದೆ. ಅಡುಗೆಮನೆಯಿಂದ ಅಮ್ಮನ ದನಿ ಬಂತು. ಇಪ್ಪತ್ತೆಂಟು ವರ್ಷದಲ್ಲಿ ಅತ್ತೆಯ ಒಂದು ಕಥೆಗೂ ನಿಂತು ಕಿವಿಗೊಡದ ಅಮ್ಮ.

"ಅವಳು ಹತ್ತಿ ಬರ್ಲೇಬೇಕು ಅಂತ ಯಾರೇ ಹೇಳಿದ್ದು? ಹತ್ತಿ ಬಂದ್ರೆ ಮತ್ತೆ ಅದೇ ಚೊಂಬು ಬೆಳಗ್ಬೇಕು. ಅಲ್ಲೇ ಬೇರೆ ಮನೆ ಮಾಡ್ಕೊಂಡ್ಲು ಅನ್ನು. ಒಬ್ಬಳೇ. ಚೊಂಬಲ್ಲಿ ಕಾಫಿ ಕಾಯಿಸ್ಕೊಂಡು ಕುಡಿದ್ಲು ಅನ್ನು."

ನಾನು ನಕ್ಕುಬಿಟ್ಟೆ. ಆದರೂ ಪೆಟ್ಟಿಗೆಯ ಕಡೆ ತಿರುಗಿ, ಅಮ್ಮ ಹೇಳಿದ್ದನ್ನು ಹೇಳಿದ ಹಾಗೆಯೇ ಹೇಳಿ ಕತ್ತರಿ ಒರೆಸಿಟ್ಟೆ.

ಮಾರನೆಯ ಬೆಳಿಗ್ಗೆ ಜಡೆ ಹಾಗೇ ಇತ್ತು. ಒಂದೆಳೆ ಸಡಿಲವಾಗಿರಲಿಲ್ಲ. ತುದಿಯಲ್ಲಿ ಎಡಗಡೆ ತಿರುವಿದ ಗಂಟು, ಅದರ ಮೇಲೆ ಗಟ್ಟಿಯಾಗಿ ಇನ್ನೊಂದು.

ಅಮ್ಮನನ್ನು ಕರೆದು ತೋರಿಸಿದೆ. ಅಮ್ಮ ಕೈಯ ಹಿಟ್ಟು ಒರೆಸಿಕೊಳ್ಳದೆ ಬಗ್ಗಿ ಬಹಳ ಹೊತ್ತು ನೋಡಿದಳು. "ಬದುಕಿದ್ದಾಗ ಒಂದೇ ಒಂದು ದಿನ, ನೀನು ಹೇಳಿದ್ದು ಸರಿ ಕಣೇ ಅಂದಿದ್ರೆ ಏನು ಗಂಟು ಹೋಗ್ತಿತ್ತು ನಿಮ್ಮದು" ಎಂದಳು ಪೆಟ್ಟಿಗೆಗೆ. ಅಡುಗೆಮನೆಗೆ ಹೋದಳು. ತಿರುಗಿ ಬಂದಾಗ ಬೆರಳಲ್ಲಿ ಕೋಡುಬಳೆಯ ಒಂದು ಚೂರಿತ್ತು. ಅತ್ತ ಇತ್ತ ನೋಡಿ, ಅದನ್ನು ಪುಡಿ ಮಾಡಿ ಅಜ್ಜಿಯ ಮನೆಯೊಳಗೆ ಉದುರಿಸಿದಳು.

"ಚಿಕ್ಕೀರಯ್ಯಂಗೆ ಹೇಳ್ಬೇಡ" ಎಂದಳು.